ಅಣ್ಣನ ಕತ್ತರಿ, ಓಣಿಯ ಗಡ್ಡ

ಗದಗ-ಬೆಟಗೇರಿ
ಹದಿಮೂರನೆಯ ತಿಂಗಳು, ಗಾಳಿವಾರ
ನಿಮ್ಮ ಎಣಿಕೆಯಲ್ಲಿ ಕ್ರಿ.ಶ. ೨೩೧೮

ನಮಗಿಂತ ಮುಂಚೆ ಬದುಕಿದ ಹಿರಿಯರಿಗೆ ಬಸಲಿಂಗವ್ವನ ಶರಣು.

ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ವಾರದಲ್ಲೊಂದು ಗಾಳಿವಾರ. ಅದೆಲ್ಲ ಹೇಗೆ ಬಂತೆಂದು ವಿವರಿಸಲು ಕುಳಿತರೆ ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಬರಹ ಓದುವಾಗ ನನಗೂ ಹಾಗೇ ಆಗುತ್ತದೆ. 'ಕೆಲಸ ಸಿಕ್ಕಿತು', 'ಕೆಲಸ ಹೋಯಿತು' ಎಂದು ಬರೆದಿದ್ದೀರಿ, ಕೆಲಸವೆಂದರೆ ಬಸ್ಸಿನಲ್ಲಿ ಬಿಟ್ಟುಬರುವ ಕೊಡೆಯೇನೋ ಎಂಬಂತೆ.

ನಮ್ಮಲ್ಲಿ ಯಾರೂ ನೌಕರಿ ಮಾಡುವುದಿಲ್ಲ. ಉಳುವುದು, ನೇಯುವುದು, ಲೆಕ್ಕ ಬರೆಯುವುದು ಎಲ್ಲವೂ ಕೈಯಾಳುಗಳದ್ದು. ಕೈಯಾಳು ಎಂದರೆ ಮನುಷ್ಯನಲ್ಲ, ಯಂತ್ರ. ಗುಡ್ಡದ ಗಾಳಿಯಿಂದ ಓಡುತ್ತದೆ. ದಿನಾ ಬೆಳಿಗ್ಗೆ ಬಾಗಿಲಿಗೆ ಪಾಲು ಬಂದು ಬೀಳುತ್ತದೆ: ಜೋಳದ ಹಿಟ್ಟು, ಕಾಯಿಪಲ್ಲೆ, ಹರಿದಿದ್ದರೆ ಹೊಸ ಬಟ್ಟೆ. ಇದು ಸ್ವರ್ಗವೆಂದು ನಿಮಗೆ ಅನಿಸಬಹುದು. ನಮ್ಮ ಮುತ್ತಜ್ಜಂದಿರಿಗೂ ಹಾಗೇ ಅನಿಸಿತ್ತಂತೆ. ಆದರೆ ಅವರ ಕಾಲವನ್ನು ನಾವು ಇಂದಿಗೂ 'ಕಟ್ಟೆಯ ಕಾಲ' ಎನ್ನುತ್ತೇವೆ. ಊರಿಗೆ ಊರೇ ಕಟ್ಟೆಯ ಮೇಲೆ ಕುಳಿತು ಮಂಕಾಗಿತ್ತು. ಹೊಟ್ಟೆ ತುಂಬಿದವರು ಜಗಳಕ್ಕೂ ಏಳುತ್ತಿರಲಿಲ್ಲ. ಆಮೇಲೆ ಹೊಣೆ ಎಂಬ ಪದ್ಧತಿ ಬಂತು. ಪ್ರತಿಯೊಬ್ಬರೂ ತಮ್ಮ ಓಣಿಗಾಗಿ ಒಂದು ಕೆಲಸ ಹೊರಬೇಕು. ಅದನ್ನು ಕೈಯಾಳು ಮುಟ್ಟಕೂಡದು. ನೀವು ಬರದಿದ್ದರೆ ಅದು ಆಗುವುದಿಲ್ಲ, ಅಷ್ಟೇ. ಪಕ್ಕದ ಮನೆಯ ಇಮಾಂಬಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ನನ್ನದು ಸಾಣೆ ಹಿಡಿಯುವುದು. ಓಣಿಯ ಚಾಕು, ಕುಡಗೋಲು, ಈಳಿಗೆ ಎಲ್ಲವೂ ಹರಿತವಾಗಲು ನನ್ನ ಕಲ್ಲಿಗೇ ಬರಬೇಕು. ನನ್ನ ಅಣ್ಣ ಸಂಗನಬಸಪ್ಪನದು ಕ್ಷೌರ.

ನಿಮ್ಮ ನೌಕರಿಯ ಕಾಲವನ್ನು ನೆನೆದು ನಮ್ಮವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅದಕ್ಕೂ ಮೊದಲು ಹುಟ್ಟಿದ ಜಾತಿ ನೋಡಿ ಕೆಲಸವನ್ನು ಕುತ್ತಿಗೆಗೆ ಕಟ್ಟುತ್ತಿದ್ದರು. ಕ್ಷೌರ ಮಾಡಿ ತಮ್ಮ ಮುಖ ಚೆಂದ ಮಾಡಿದವನನ್ನೇ ಮನೆಯೊಳಗೆ ಬಿಡದ ಜನರಿದ್ದರು. ಅದರಿಂದ ಬಿಡಿಸಿಕೊಂಡು ಗಿರಣಿಗೋ ಕಚೇರಿಗೋ ಹೋದವರಿಗೆ ಸಂಬಳದ ಜೊತೆ ಹೊಸ ಹೆಸರೂ ಸಿಕ್ಕಿತು: ಮಾಸ್ತರ, ಕಂಡಕ್ಟರ, ನರ್ಸಮ್ಮ. ಹುಡುಗಿಯೊಬ್ಬಳು ಮೊದಲ ಸಂಬಳದಲ್ಲಿ ತಾಯಿಗೆ ಸೀರೆ ತಂದದ್ದನ್ನು ಓದಿ ನಾನು ಅತ್ತಿದ್ದೇನೆ. ಹೊತ್ತು ಹುಟ್ಟುವ ಮೊದಲೇ ಎದ್ದು ಇಡೀ ದಿನ ಒಲೆಯ ಮುಂದೆ ಬೆಂದ ಆ ತಾಯಿ, ಜನಗಣತಿಯವರು ಕೇಳಿದಾಗ, "ನಾ ಏನೂ ಮಾಡಂಗಿಲ್ರಿ, ಮನ್ಯಾಗ ಇರ್ತೀನಿ" ಎಂದದ್ದನ್ನು ಓದಿ ಸಿಟ್ಟಾಗಿದ್ದೇನೆ. ನಿವೃತ್ತರಾದವರಿಗೆ ಶಾಲು ಹೊದಿಸಿ ಗೋಡೆ ಗಡಿಯಾರ ಕೊಡುತ್ತಿದ್ದಿರಂತೆ. ನಾಳೆಯಿಂದ ಎಲ್ಲಿಗೂ ಹೋಗಬೇಕಿಲ್ಲದ ಮನುಷ್ಯನಿಗೆ ಗಡಿಯಾರ! ನಮ್ಮ ಊರಿನ ವಸ್ತುಸಂಗ್ರಹಾಲಯದಲ್ಲಿ ಒಂದು ಗೋಡೆಯ ತುಂಬ ಅವೇ ಇವೆ. ಮೊದಲು ನಾನೂ ಅವನ್ನು ನೋಡಿ ನಕ್ಕವಳೇ. ಈಗ ನೋಡಿದರೆ ಅಣ್ಣನ ಸ್ಥಿತಿ ನೆನಪಾಗುತ್ತದೆ.

ಹೋದ ವರ್ಷ ಅಣ್ಣನ ಹೆಂಡತಿ, ನನ್ನ ವೈನಿ, ತೀರಿಕೊಂಡಳು. ಅಣ್ಣ ಕ್ಷೌರದ ಕಟ್ಟೆಗೆ ಬರುವುದನ್ನೇ ಬಿಟ್ಟ. ನಮ್ಮ ಓಣಿಯವರು ಒಳ್ಳೆಯವರು, ಒಳ್ಳೆಯವರು ಮಾಡುವಂಥ ತಪ್ಪನ್ನೇ ಮಾಡಿದರು. ಪಾಪ, ದುಃಖದಲ್ಲಿದ್ದಾನೆ, ತೊಂದರೆ ಕೊಡಬಾರದು ಎಂದು ಹೊಣೆಯ ಪದ್ಧತಿ ಮೀರಿ ಒಬ್ಬರ ಕೂದಲನ್ನು ಇನ್ನೊಬ್ಬರು ಕತ್ತರಿಸಿದರು. ಎದುರುಮನೆಯ ಹಂಪಯ್ಯ ಎಲ್ಲರಿಗಿಂತ ಮುಂದಾಗಿ ಅಣ್ಣನ ಕತ್ತರಿ, ಕ್ಷೌರದ ಕತ್ತಿ ಕೈಗೆ ತೆಗೆದುಕೊಂಡ. ಯಾರ ಕಿವಿಯೂ ಹೋಗಲಿಲ್ಲ ಎಂಬುದೊಂದೇ ಪುಣ್ಯ. ಅಣ್ಣ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದ. ಓಡಾಡುವ ಗಂಡಸರ ಗಲ್ಲವೆಲ್ಲ ನುಣ್ಣಗಿತ್ತು. ತಾನಿಲ್ಲದೆ ಏನೂ ನಿಂತಿಲ್ಲವೆಂದು ಅವನಿಗೆ ತಿಳಿದುಹೋಯಿತು. ಊಟ ಬಿಟ್ಟ, ನನ್ನ ಜೊತೆ ಮಾತೂ ಬಿಟ್ಟ. ಪಾಲು ಬಾಗಿಲಲ್ಲೇ ಬಾಡುತ್ತಿತ್ತು. ವೈನಿಯ ಹಿಂದೆ ಇವನೂ ಹೊರಡುತ್ತಾನೆಂದು ನನಗೆ ಹೆದರಿಕೆಯಾಯಿತು. ನನಗೆ ಅವನನ್ನು ಬಿಟ್ಟರೆ ಯಾರೂ ಇಲ್ಲ.

ಅಷ್ಟರಲ್ಲಿ ಹಂಪಯ್ಯ ಮೊಂಡಾದ ಕತ್ತರಿ, ಕತ್ತಿ ತಂದು ನನ್ನ ಸಾಣೆಕಲ್ಲಿನ ಮುಂದೆ ಇಟ್ಟ. ನಾನು ಮುಟ್ಟಲಿಲ್ಲ. "ಯಾಕ ಬಸಲಿಂಗಕ್ಕ?" ಎಂದ. "ನಮ್ಮಣ್ಣನ ಕೈಲೆ ಬಂದ್ರ ಹಿಡೀತೀನಿ. ನಿನ್ನ ಕೈಲೆ ಬಂದ್ರ ಹಿಡ್ಯಂಗಿಲ್ಲ" ಎಂದೆ. ಬೇರೆ ಓಣಿಯ ಸಾಣೆಗೆ ನಮ್ಮ ಓಣಿಯ ಕತ್ತರಿ ಹೋಗುವಂತಿಲ್ಲ, ಕೈಯಾಳು ಮುಟ್ಟುವಂತಿಲ್ಲ. ಎಲ್ಲರ ಗಡ್ಡ ಬೆಳೆಯತೊಡಗಿತು. ನನಗೆ ಕಲ್ಲಿನ ಜೊತೆ ಇದ್ದು ಇದ್ದು ಎದೆಯೂ ಕಲ್ಲಾಗಿದೆ ಎಂದು ಆಡಿಕೊಂಡರು. ಅಣ್ಣನ ಮನೆಯ ಬಾಗಿಲು ತೆರೆಯದ ಪ್ರತಿ ಬೆಳಿಗ್ಗೆಯೂ ಅವರು ಹೇಳುವುದೇ ನಿಜವಿರಬಹುದೆಂದು ಒಳಗೊಳಗೇ ನಡುಗಿದ್ದೇನೆ.

ಕೊನೆಗೆ ಹಂಪಯ್ಯನ ಮಗನ ಲಗ್ನ ಹತ್ತಿರ ಬಂತು. ಹುಡುಗನ ಮುಖದಲ್ಲಿ ಮೂಗು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹಂಪಯ್ಯ ತಡೆಯಲಾರದೆ ಅಣ್ಣನ ಬಾಗಿಲು ಬಡಿದ. "ಸಂಗಣ್ಣಾ, ನಿನ್ನ ದುಃಖ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಈ ಹುಡುಗನ ಮಾರಿ ಒಮ್ಮೆ ನೋಡೋ ಮಾರಾಯಾ! ಹಿಂಗ ಕರ್ಕೊಂಡು ಹೋದ್ರ ಬೀಗರು ಹೆಣ್ಣು ಕೊಡ್ತಾರೇನು?" ಅವನ ಬೆನ್ನಿಗೆ ಓಣಿಯ ಗಂಡಸರೆಲ್ಲ ಗಡ್ಡ ಕೆರೆದುಕೊಳ್ಳುತ್ತ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅಣ್ಣ ಒಬ್ಬೊಬ್ಬರನ್ನೇ ನೋಡಿದ. "ಏನ್ ಮಾರಿ ಮಾಡ್ಕೊಂಡೀರೋ! ಕರಡಿ ಹಿಂಡು ಬಂದಂಗ ಐತಿ" ಎಂದು ನಕ್ಕ, ನಗುತ್ತಲೇ ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ಹಂಪಯ್ಯ ತಂದಿದ್ದ ಕತ್ತರಿಯ ಬಾಯಿಗೆ ಬೆರಳಿಟ್ಟು ನೋಡಿ, ನನ್ನತ್ತ ತಿರುಗಿ ಗದರಿದ. "ಏ ಬಸಲಿಂಗೀ, ಇದನ್ನ ಹಿಂಗ ಇಟ್ಟೀಯಲ್ಲ, ನಾಚ್ಕಿ ಬರೂದಿಲ್ಲೇನು ನಿನಗ?" ಜೀವನದಲ್ಲಿ ನಾನು ಇಷ್ಟು ಸಂತೋಷದಿಂದ ಬೈಸಿಕೊಂಡದ್ದಿಲ್ಲ.

ಅವನ ದುಃಖ ಹೋಗಿಲ್ಲ. ವೈನಿಯ ಹೆಸರು ಬಂದರೆ ಈಗಲೂ ಕೈ ನಿಲ್ಲುತ್ತದೆ. ಆದರೆ ಬೆಳಿಗ್ಗೆ ಕಟ್ಟೆಯ ಮೇಲೆ ಯಾರೋ ಕಾಯುತ್ತಿರುತ್ತಾರೆ, ಹಾಗಾಗಿ ಏಳುತ್ತಾನೆ.

ಹಿರಿಯರೇ, ನಿಮ್ಮಲ್ಲೂ ಕೆಲಸ ಹೋಗಿ, ಇಲ್ಲವೇ ವಯಸ್ಸಾಗಿ ಮನೆಯಲ್ಲಿ ಕುಳಿತವರು ಇದ್ದಾರೆ. ಸಂಬಳ ನಿಂತಿತೆಂಬ ಚಿಂತೆ ನಿಮ್ಮದು, ಅದು ಸಹಜವೇ. ನಮ್ಮ ಹಾಗೆ ಬಾಗಿಲಿಗೆ ಪಾಲು ಬರುವ ಕಾಲ ನಿಮ್ಮದಲ್ಲ. ಆದರೆ ಅವರ ದಾರಿ ಕಾಯುವವರೂ ಇಲ್ಲವಾದರು ಎಂಬುದನ್ನು ಮರೆಯಬೇಡಿ. 'ನೀವು ಆರಾಮಾಗಿ ಕೂಡ್ರಿ, ನಾವು ನೋಡ್ಕೋತೀವಿ' ಎಂದು ಪ್ರೀತಿಯಿಂದಲೂ ಹೇಳಬೇಡಿ. ಅವರಿಲ್ಲದೆ ಆಗದ ಏನಾದರೂ ಒಂದನ್ನು ಹಾಗೆಯೇ ಬಿಡಿ. ಯಾಕೆ ಮಾಡಿಲ್ಲವೆಂದು ಅವರ ಹತ್ತಿರ ಹೋಗಿ ಜಗಳವಾಡಿ.

ಇನ್ನೂ ಬರೆಯುವುದಿತ್ತು. ಅಣ್ಣ ಬೀದಿಯಿಂದ ಕೂಗುತ್ತಿದ್ದಾನೆ. ಕತ್ತಿ ಮೊಂಡಾಗಿದೆಯಂತೆ, ಹಂಪಯ್ಯ ಅರ್ಧ ಗಡ್ಡದಲ್ಲಿ ಕುಳಿತಿದ್ದಾನಂತೆ. ನಾನು ಹೋಗಬೇಕು.