ಆಯಿಲ್ ಡಬ್ಬಿಯ ಮಾತು ಎತ್ತಬೇಡ

ಪ್ರಮಿಳಾ,

ನಾನು ಬೀಡಿ ಊರಿಗೆ ಹೊರಟೆ. ಅಪ್ಪನ ಹಳೆಯ ಮಿಲಿಟರಿ ಟ್ರಕ್ಕಿನ ಇಂಜಿನ್ ಸೀಜ್ ಆಗಿ ಪೂರ್ತಿ ಬಿಗಿದುಕೊಂಡಿದೆ. ನಿನ್ನೆ ಮೇಸ್ತ್ರಿಯೂ ನಾನೂ ಉದ್ದನೆಯ ರಾಡ್ ಹಾಕಿ ಜಗ್ಗಿದರೂ ಕೂದಲೆಳೆಯಷ್ಟು ತಿರುಗಲಿಲ್ಲ. ನೀರು ಹೊಕ್ಕಿರಬೇಕೆಂದು ಇಂಜೆಕ್ಟರ್ ಬಿಚ್ಚಿದೆವು, ಒಳಗೆ ಒಣಗಿತ್ತು. ಆಯಿಲ್ ಬದಲಿಸಿದ್ದು ಅಪ್ಪನಾದ್ದರಿಂದ ಅದನ್ನು ಕೊನೆಗೆ ನೋಡಿದೆವು. ಕೆಳಗಿನ ಬೋಲ್ಟ್ ಬಿಚ್ಚಿದರೆ ಒಂದು ಹನಿಯೂ ಬೀಳಲಿಲ್ಲ. ಭಾನುವಾರ ಹಳೆಯ ಆಯಿಲ್ ಇಳಿಸಿದ ಅಪ್ಪ ಹೊಸದನ್ನು ಹಾಕಿಯೇ ಇಲ್ಲ. ಡಬ್ಬಿ ಸೀಟಿನ ಹಿಂದೆ ಸೀಲು ಒಡೆಯದೆ ಕೂತಿದೆ.

ಇಪ್ಪತ್ತೆರಡು ವರ್ಷ ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದ ಮನುಷ್ಯ! "ನಾನಽ ಹಾಕೇನಿ, ಎರಡ ಸಲ ನೋಡೇನಿ" ಅಂದರು. "ಆಯಿಲ್ ಪಂಪ್ ಹೋಗೇತಿ ಬಿಡ್ರಿ ಅಪ್ಪಾ" ಅಂದೆ. ನೀನೂ ಅದನ್ನೇ ಹೇಳು.

ಇವತ್ತು ನಾಲ್ಕು ಗಂಟೆಗೆ ನರರೋಗದ ಡಾಕ್ಟರ ಹತ್ತಿರ ನಂಬರ್ ಹಚ್ಚಿದ್ದೇನೆ. ನಿನ್ನ ತಲೆನೋವಿಗೆ ಅಂತ ಹೇಳಿ ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗು. ಸ್ಕೂಟರ್ ಕೀಲಿ ಮಾತ್ರ ಕೊಡಬೇಡ, ಬೈದರೆ ಬೈಸಿಕೋ.

ಇನ್ನು ಮುಂದೆ ಅವರು "ಗುಳಿಗಿ ತಗೊಂಡೇನಿ" ಅಂದರೆ ಹೂಂ ಅನ್ನು. ಅವರು ಆಚೆ ಹೋದ ಮೇಲೆ ಮಾತ್ರೆ ಎಣಿಸಿ ನೋಡು. ಅವರೆದುರು ಎಣಿಸಬೇಡ.

ಕಲ್ಮೇಶ