ಬಲಗಾಲಿನ ಅಚ್ಚು

ಮಧುಗಿರಿ
೧೬ ಫೆಬ್ರವರಿ ೨೦೨೫, ಭಾನುವಾರ

ನಮ್ಮನೆಯವರಿಗೆ,

ಲೋಹಿತಾ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀವು ಅಲ್ಲಿ ಕ್ಷೇಮವೆಂದು, ರಜೆಗೆ ಬಂದಿರುವ ನಿಮ್ಮ ಜೊತೆ ಕೆಲಸದ ಅಂಜಿನಮೂರ್ತಿ ಹೇಳಿದ. ಬರೆಯುತ್ತೇನೆ ಬರೆಯುತ್ತೇನೆ ಎಂದುಕೊಂಡೇ ಇಷ್ಟು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಕೈಯಲ್ಲಿ ಫೋನ್ ಇರುವಾಗ ಇವಳಿಗೇನು ಕಾಗದದ ಹುಚ್ಚು ಎಂದು ನಗುತ್ತೀರೇನೋ. ನಗಿ. ಫೋನಿನಲ್ಲಿ ನೀವು "ಹೂಂ" ಅನ್ನುತ್ತೀರಿ, "ಸರಿ" ಅನ್ನುತ್ತೀರಿ, ಆಮೇಲೆ ಸಿಗ್ನಲ್ ಇಲ್ಲ ಅನ್ನುತ್ತೀರಿ. ವಳ್ಳೂರಿನ ಸೋಲಾರ್ ಪಾರ್ಕಿನಿಂದ ಎಲ್ಲೆಲ್ಲಿಗೋ ಕರೆಂಟ್ ಹೋಗುತ್ತದೆ, ಹೆಂಡತಿಯ ಮಾತು ಮಾತ್ರ ಅಲ್ಲಿಗೆ ಬರುವುದಿಲ್ಲ. ಕಾಗದವನ್ನು ನಡುವೆ ಕಟ್ ಮಾಡಲಾರಿರಿ. ಅಂಜಿನಮೂರ್ತಿ ನಾಳೆ ಬೆಳಿಗ್ಗೆ ಪಾವಗಡದ ಬಸ್ಸು ಹತ್ತುತ್ತಾನೆ, ಅವನ ಕೈಯಲ್ಲಿ ಈ ಕವರ್ ಕೊಡುತ್ತೇನೆ. ಒಳಗೆ ಒಂದು ಕಾರ್ಡೂ ಇದೆ. ಅದನ್ನು ಈಗಲೇ ತೆಗೆಯಬೇಡಿ, ಕಾಗದ ಓದಿ ಮುಗಿಸಿ.

ರಕ್ಷಾ ಚೆನ್ನಾಗಿದ್ದಾಳೆ. ಬಾಣಂತನದ ಬಿಸಿನೀರು, ಬೆಳ್ಳುಳ್ಳಿ, ಸಾಂಬ್ರಾಣಿ ಎಲ್ಲ ಸೇರಿ ನಿಮ್ಮ ತಂಗಿಯ ಮುಖ ದುಂಡಗಾಗಿದೆ. ಮಗುವೂ ಮೈ ತುಂಬಿಕೊಂಡಿದ್ದಾನೆ. ಬರುವ ವಾರದ ಸೋಮವಾರ, ಇಪ್ಪತ್ತನಾಲ್ಕಕ್ಕೆ, ನಮ್ಮ ಮನೆಯಲ್ಲೇ ನಾಮಕರಣ. ಬೆಳ್ಳಿಯ ಉಡುದಾರವನ್ನು ಸೋದರಮಾವನೇ ತಂದು ಕಟ್ಟಬೇಕೆಂದು ಅತ್ತೆ ದಿನಾ ಹೇಳುತ್ತಾರೆ. ನೀವು ರಜೆ ಸಿಗುವುದಿಲ್ಲ ಅಂದಿದ್ದೀರಂತೆ.

ಅಂಜಿನಮೂರ್ತಿಗೆ ಕಾಫಿ ಕೊಟ್ಟು ಕೂರಿಸಿಕೊಂಡು ಕೇಳಿದೆ. ಪಾಪ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಲೋಟದೊಳಗೇ ನೋಡುತ್ತಾ ಬಾಯಿಬಿಟ್ಟ. "ರಜಾ ಕೊಡಲ್ಲ ಅಂತ ಯಾರೂ ಅಂದಿಲ್ಲ ಕಣಕ್ಕ. ಎಲ್ರ ಡ್ಯೂಟೀನೂ ಅವ್ನೇ ಕೇಳ್ ಇಸ್ಕಂತಾನೆ."

ಬೈಯಲು ಬರೆಯುತ್ತಿಲ್ಲ. ಬೈಯುವುದಕ್ಕಾದರೆ ಫೋನೇ ಸಾಕಿತ್ತು. ನಿಮಗೆ ಈ ಮನೆಯಲ್ಲಿ ಮಗುವಿನ ಅಳು ಕೇಳಲಾಗುವುದಿಲ್ಲ ಎಂದು ನನಗೆ ಗೊತ್ತು. ಹೋದ ವರ್ಷ ತುಮಕೂರಿನ ಆಸ್ಪತ್ರೆಯಿಂದ ನಾವಿಬ್ಬರೂ ಬರಿಗೈಯಲ್ಲಿ ಬಂದೆವು. ನಮ್ಮವಳಿಗೆಂದು ಬಣ್ಣ ಬಳಿಸಿದ್ದ ತೊಟ್ಟಿಲನ್ನೇ ಈಗ ಅಟ್ಟದಿಂದ ಇಳಿಸಿದ್ದಾರೆ. ಇಳಿಸಲಿ, ತೊಟ್ಟಿಲು ಇರುವುದೇ ಅದಕ್ಕೆ. ಆದರೆ ನೀವು ವಳ್ಳೂರಿಗೆ ಓಡಿಹೋದಿರಿ, ನಾನು ಎಲ್ಲಿಗೆ ಓಡಲಿ? ಮಗು ಅತ್ತರೆ ನಾನು ಏಳುತ್ತೇನೆ. ಅಷ್ಟರಲ್ಲಿ ರಕ್ಷಾ ಎತ್ತಿಕೊಂಡಿರುತ್ತಾಳೆ. ಬಾಗಿಲ ತನಕ ಹೋಗಿ ಏನೋ ಹುಡುಕಲು ಬಂದವಳ ಹಾಗೆ ವಾಪಸ್ಸು ಬರುತ್ತೇನೆ. ಒಂದು ಕಡೆ ಕೂರಲಾಗುವುದಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತೇನೆ, ಒಲೆ ಮೇಲೆ ಹಾಲಿಟ್ಟು ಮಾಳಿಗೆ ಹತ್ತುತ್ತೇನೆ, ಮಾಳಿಗೆಯ ಮೇಲೆ ಬೆಟ್ಟದ ಕಾವು ಹೊಡೆದು ಮತ್ತೆ ಇಳಿಯುತ್ತೇನೆ. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಇದೆಲ್ಲ ನೋಡಿಯೇ ಇರಬೇಕು, ನಾಮಕರಣಕ್ಕೆ ಕರೆಯುವ ಕಾರ್ಡುಗಳನ್ನು ನಾನೇ ಕೈಯಲ್ಲಿ ಮಾಡಬೇಕೆಂದು ರಕ್ಷಾ ಹೇಳಿದಳು. ಒಂದು ವರ್ಷದಿಂದ ಮುಚ್ಚಿಟ್ಟಿದ್ದ, ಅಚ್ಚು ಮಸಿಗಳ ನನ್ನ ಪೆಟ್ಟಿಗೆಯನ್ನು ಅವಳೇ ತಂದು ಮುಂದಿಟ್ಟಳು. ಅತ್ತೆಗೆ ಇಷ್ಟವಿರಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಒಂದೇ ದಿನಕ್ಕೆ ಮಾಡಿಕೊಡುತ್ತಾರೆ ಎಂದು ಸುತ್ತಿ ಬಳಸಿ ಹೇಳಿದರು. ಮಗು ಉಳಿಯದವಳ ಕೈ ಯಾಕೆ ಎಂಬುದು ಅದರ ಅರ್ಥ. ರಕ್ಷಾ ಬಗ್ಗಲಿಲ್ಲ. "ಅತ್ಗೆ ಮಾಡಿದ್ ಕಾರ್ಡಾದ್ರೆ ನಾಮಕರಣ. ಇಲ್ದಿದ್ರೆ ನನ್ ಮಗ ಹೆಸರಿಲ್ದೇನೇ ಇರ್ಲಿ ಬುಡಮ್ಮ" ಅಂದಳು. ನಿಮ್ಮ ಮನೆಯವರಿಗೆಲ್ಲ ಹಠ ಒಂದೇ ಅಂಗಡಿಯಿಂದ ತಂದದ್ದು.

ಹೇಗೆ ಮಾಡಿದೆ ಎಂದು ಕೇಳಿ. ಕೇಳದಿದ್ದರೂ ಹೇಳುತ್ತೇನೆ. ದಪ್ಪ ಹಾಳೆ ಮಡಿಸಿ, ಸ್ಪಂಜಿನಿಂದ ಅಂಚಿಗೆ ಗಾಢವಾಗಿ, ನಡುವಿಗೆ ಬರಬರುತ್ತಾ ತಿಳಿಯಾಗಿ ನೀಲಿ ತಟ್ಟಿದೆ. ಅಕ್ಷರಗಳ ಅಚ್ಚು ಒತ್ತಿ, ಮಸಿ ಹಸಿಯಾಗಿರುವಾಗಲೇ ಹೊಳಪಿನ ಪುಡಿ ಉದುರಿಸಿ, ಕಾದ ದೋಸೆ ಹೆಂಚಿನ ಮೇಲೆ ಎತ್ತಿ ಹಿಡಿದರೆ ಪುಡಿ ಕರಗಿ ಅಕ್ಷರ ಉಬ್ಬಿಕೊಳ್ಳುತ್ತದೆ. "ಹೆಂಚು ದೋಸೆಗೆ ಇಟ್ಟಿರೋದು" ಎಂದು ಅತ್ತೆ ಗೊಣಗಿದರೂ ನಿಂತು ನೋಡಿದರು. ನಡುವೆ ಮಗುವಿನ ಒಂದೇ ಒಂದು ಬಲಪಾದ. ಕೆಳಗೆ, "ಬಲಗಾಲಿಟ್ಟು ಬಂದಿದ್ದೇನೆ, ಹೆಸರಿಟ್ಟು ಹರಸಿ." ಮಾತು ನನ್ನದೇ. ಚೆನ್ನಾಗಿಲ್ಲವೇ?

ಪಾದದ ಅಚ್ಚು ಕೆತ್ತುವಾಗಲೇ ಎಡವಿದ್ದು. ಮಗು ನಿದ್ದೆಯಲ್ಲಿದ್ದಾಗ ಅವನ ಬಲಗಾಲನ್ನು ಇಂಕ್ ಪ್ಯಾಡಿಗೆ ತಾಗಿಸಿ ತೆಳು ಹಾಳೆಗೆ ಒತ್ತಿಕೊಂಡೆ. ಆ ಹಾಳೆಯನ್ನು ರಬ್ಬರಿನ ಮೇಲೆ ಬೋರಲು ಹಾಕಿ ಗುರುತು ಮಾಡಿ ಕೆತ್ತಬೇಕು. ರಬ್ಬರಿನಲ್ಲಿ ತಿರುವುಮುರುವಾಗಿದ್ದರೆ ಕಾರ್ಡಿನಲ್ಲಿ ನೆಟ್ಟಗೆ ಬರುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ, ತಾಲ್ಲೂಕು ಕಚೇರಿ ಎದುರಿನ ಸೀಲ್ ಅಂಗಡಿಯವರು ರಬ್ಬರ್ ಕೊಟ್ಟ ಮೊದಲ ದಿನವೇ ಹೇಳಿಕೊಟ್ಟಿದ್ದರು. ಹಾಳೆ ಹಿಡಿದುಕೊಂಡಿದ್ದೆ, ಮಗು ಅತ್ತಿತು, ಎದ್ದು ಬಾಗಿಲ ತನಕ ಹೋದೆ, ಬಂದೆ. ಬಂದವಳು ಹಾಳೆಯನ್ನು ಅಂಗಾತ ಹಾಕಿದೆ. ಕಾರ್ಬನ್ ಇಟ್ಟು ತಿದ್ದಿ ಕೆತ್ತಿಯೂ ಬಿಟ್ಟೆ, ಎಲ್ಲ ಕಾರ್ಡಿಗೂ ಒತ್ತಿಯೂ ಬಿಟ್ಟೆ.

ಕಂಡುಹಿಡಿದವಳು ಮಗುವಿಗೆ ಎಣ್ಣೆ ಹಚ್ಚಿ ಎರೆಯಲು ಬರುವ ಕೆಂಪಕ್ಕ. ಒಣಗಲು ಹರಡಿದ್ದ ಕಾರ್ಡುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇದೇನವ್ವ, ಎಡಗಾಲು ಒತ್ತಿದ್ದೀಯ? ಹೆಬ್ಬೆಟ್ಟು ಬಲಗಡೀಕೈತಲ್ಲ" ಅಂದಳು. ಅವಳು ಬೇಕೆಂದು ಅಂದದ್ದಲ್ಲ. ಆದರೆ ಅತ್ತೆ ಅಲ್ಲೇ ಇದ್ದರು.

ನಿಮ್ಮ ಅಮ್ಮ ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಮೆತ್ತಗೆ, "ನಿನ್ ಕೈಯಿಂದ ಬ್ಯಾಡ ಅಂತ ನಂಗೆ ಮೊದ್ಲೇ ಅನ್ಸಿತ್ತು" ಅಂದರು. ಕಾರ್ಡುಗಳನ್ನೂ ಅಚ್ಚನ್ನೂ ಪಾದದ ಹಾಳೆಯನ್ನೂ ಸೆರಗಿಗೆ ತುಂಬಿಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದರು. ರಬ್ಬರ್ ಸುಟ್ಟ ವಾಸನೆ ಸಂಜೆಯವರೆಗೂ ಮನೆ ಬಿಡಲಿಲ್ಲ. ರಕ್ಷಾ ಅತ್ತಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಪಾವಗಡದ ಬಸ್ಸು ನಿಂತಿತ್ತು. ಹತ್ತಿ ಕೂತೆ. ಕಂಡಕ್ಟರ್ ಬರುವ ಮೊದಲೇ ಇಳಿದೆ. ಹೋಗಿ ನಿಮ್ಮೆದುರು ನಿಂತರೆ ನೀವು "ಹೂಂ" ಅನ್ನುತ್ತೀರೆಂದು ಭಯವಾಯಿತು. ನಿಜ ಹೇಳುತ್ತಿದ್ದೇನೆ, ಅದೊಂದನ್ನು ಅವತ್ತು ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಬರುವಾಗ ಸೀಲ್ ಅಂಗಡಿಯಿಂದ ಬೇರೆ ರಬ್ಬರ್ ತಂದೆ. ಆದರೆ ಪಾದ ಎಲ್ಲಿಂದ ತರಲಿ? ಅವತ್ತೇ ಮಗುವಿಗೆ ಲಸಿಕೆ ಹಾಕಿಸಿದ್ದರು, ತೊಡೆ ಊದಿಕೊಂಡು ಮುಟ್ಟಿದರೆ ಕಿರುಚುತ್ತಿತ್ತು. ಇನ್ನು ಅವನ ಕಾಲಿಗೆ ಮಸಿ ಸೋಕಿಸಬಾರದೆಂದು ಅತ್ತೆ ಕಟ್ಟಪ್ಪಣೆ ಮಾಡಿದರು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಕೆತ್ತಿದೆ. ಕೆತ್ತುವಷ್ಟು ಹೊತ್ತೂ ಎದ್ದಿಲ್ಲ. ಆಚೆ ಮಗು ಅಳುತ್ತಿತ್ತು, ಕೇಳಿಸುತ್ತಿತ್ತು, ಆದರೂ ಏಳಲಿಲ್ಲ. ಎಷ್ಟೋ ತಿಂಗಳ ಮೇಲೆ ಒಂದು ಕಡೆ ಕೂತಿದ್ದೆ ನೋಡಿ.

ಹೊಸ ಕಾರ್ಡುಗಳನ್ನು ಅತ್ತೆಯ ಮುಂದಿಟ್ಟಾಗ ಮೊದಲು ಹೆಬ್ಬೆರಳು ಯಾವ ಕಡೆಗಿದೆ ಎಂದು ನೋಡಿದರು. ಸರಿಯಾಗಿತ್ತು. ಆಮೇಲೂ ಕೆಳಗಿಡಲಿಲ್ಲ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಾಗಿರುವುದನ್ನು ಉಗುರಿನಿಂದ ಮುಟ್ಟಿ ನೋಡಿ, "ನಮ್ ಹಾಲೇಶಿ ಕಾಲಿದ್ದಂಗೈತಲ್ಲ ಇದು" ಎಂದು ನಿಮ್ಮ ಹೆಸರೆತ್ತಿದರು. ಆಮೇಲೆ ಅರಿಶಿನದ ಬಟ್ಟಲು ತರಿಸಿಕೊಂಡು, ಒಂದೊಂದು ಕಾರ್ಡಿನ ನಾಲ್ಕು ಮೂಲೆಗೂ ತಾವೇ ಅರಿಶಿನ ಕುಂಕುಮ ಹಚ್ಚಿದರು. ನನ್ನನ್ನು ಹಚ್ಚಲು ಬಿಡಲಿಲ್ಲ ಎಂದು ತಿಳಿದುಕೊಳ್ಳಬೇಡಿ. ಕೊನೆಗೆ ಬಟ್ಟಲಲ್ಲಿ ಉಳಿದ ಕುಂಕುಮವನ್ನು ನನ್ನ ಹಣೆಗಿಟ್ಟರು. ಬಾಯಲ್ಲಿ ಒಂದು ಮಾತಿಲ್ಲ. ನಿಮಗೆ ಆ ಗುಣ ಎಲ್ಲಿಂದ ಬಂತೆಂದು ಅವತ್ತು ಗೊತ್ತಾಯಿತು.

ಕಾರ್ಡುಗಳೆಲ್ಲ ಹೋಗಿ ಮುಟ್ಟಿವೆ. ಶಿರಾದ ಬೀಗರ ಮನೆಗೆ ನಾನೂ ಅತ್ತೆಯೂ ಹೋಗಿ ಕೊಟ್ಟು ಬಂದೆವು. ಅಲ್ಲಿಂದ ಪಟ್ಟನಾಯಕನಹಳ್ಳಿಗೆ ಹೋಗಿ ಮಠದಲ್ಲಿ ಒಂದು, ದೊಡ್ಡಮಾವನ ಮನೆಯಲ್ಲಿ ಒಂದು ಕೊಟ್ಟೆವು. ಹೊಳವನಹಳ್ಳಿಯ ಜಗದಾಂಬ ಚಿಕ್ಕಮ್ಮ ಪಾದವನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ಇಟ್ಟರು. ಇಷ್ಟು ಚೆಂದದ್ದನ್ನು ಹೆಂಗೆ ಮಾಡಿದೆ ಎಂದು ಕೇಳಿದರು. ದೋಸೆ ಹೆಂಚಿನ ಕಥೆ ಹೇಳಿ ನಗಿಸಿ ಬಂದೆ.

ಇನ್ನೇನು ಬರೆಯಲಿ. ಊಟ ಹೊತ್ತಿಗೆ ಸರಿಯಾಗಿ ಮಾಡಿ. ಆ ಪ್ಯಾನೆಲ್ಲುಗಳ ನಡುವೆ ಬಿಸಿಲಲ್ಲಿ ಓಡಾಡುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ರಕ್ಷಾ ನಮಸ್ಕಾರ ಹೇಳಿದ್ದಾಳೆ. ಉಡುದಾರ ನೀವು ತರದಿದ್ದರೆ ಅಂಗಡಿಯಿಂದ ತಂದು ಯಾರೋ ಕಟ್ಟುತ್ತಾರೆ, ನಾಮಕರಣ ನಿಲ್ಲುವುದಿಲ್ಲ. ಆದರೆ ನನಗೆ ನೀವು ಬೇಕು. ಉಡುದಾರಕ್ಕಲ್ಲ, ನನಗೇ ಬೇಕು. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ,
ಲೋಹಿತಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ತುಮಕೂರಿನಲ್ಲಿ ನೀವು ಔಷಧಿ ತರಲು ಕೆಳಗೆ ಹೋಗಿದ್ದಾಗ, ನಮ್ಮ ಮಗಳಿದ್ದ ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕಲು ನರ್ಸ್ ನನ್ನನ್ನು ಬಿಟ್ಟಿದ್ದಳು. ಮನೆಗೆ ಹೋದ ಮೇಲೆ ಅವಳ ನಾಮಕರಣದ ಕಾರ್ಡು ಮಾಡಬೇಕೆಂದು, ಬ್ಯಾಗಿನಲ್ಲಿದ್ದ ಇಂಕ್ ಪ್ಯಾಡ್ ತೆಗೆದು ಅವಳ ಪಾದವನ್ನು ಹಾಳೆಗೆ ಒತ್ತಿಕೊಂಡೆ. ಬಲಗಾಲಿಗೆ ಡ್ರಿಪ್ಪಿನ ಸೂಜಿ ಹಾಕಿ ಪ್ಲಾಸ್ಟರ್ ಸುತ್ತಿದ್ದರು. ಎಡಗಾಲು ಮಾತ್ರ ಸಿಕ್ಕಿತು. ಆಮೇಲೆ ನೀವು ಅವಳ ಬಟ್ಟೆಬರೆಯನ್ನೆಲ್ಲ ಕೊಟ್ಟುಬಿಟ್ಟಾಗ ಆ ಹಾಳೆ ನನ್ನ ಪೆಟ್ಟಿಗೆಯ ತಳದಲ್ಲಿ ಉಳಿಯಿತು. ಮೊನ್ನೆ ಕೆತ್ತಿದ್ದು ಅದನ್ನೇ. ಈ ಸಲ ಬೇಕೆಂದೇ ಅಂಗಾತ ಹಾಕಿದೆ. ಎಡಗಾಲು ಬಲಗಾಲಾಗಿ ಬಂತು.

ತಪ್ಪೋ ಸರಿಯೋ ಗೊತ್ತಿಲ್ಲ. ಅಪಶಕುನ ಅನ್ನುವವರು ಇರಬಹುದು. ನನಗೆ ಮಾತ್ರ ಅವಳೇ ತನ್ನ ಸೋದರತ್ತೆಯ ಮಗನ ನಾಮಕರಣಕ್ಕೆ ಕರೆಯಲು ಹೋದ ಹಾಗೆ ಕಂಡಿತು. ನಮ್ಮ ಹೊಸಿಲು ತುಳಿಯದೇ ಹೋದವಳು ಬಲಗಾಲಿಟ್ಟು ಶಿರಾಕ್ಕೆ, ಪಟ್ಟನಾಯಕನಹಳ್ಳಿಗೆ, ಹೊಳವನಹಳ್ಳಿಗೆ ಹೋದಳು. ಕರೆಯುವವರ ಮನೆಯಲ್ಲಿ ಕಾರ್ಡು ಯಾಕೆಂದು ನಮ್ಮ ಮನೆಗೆ ಒಂದನ್ನೂ ಇಟ್ಟುಕೊಂಡಿಲ್ಲ. ಕವರಿನಲ್ಲಿರುವುದೇ ಕೊನೆಯದು, ಈಗ ತೆಗೆಯಿರಿ. ಅವಳಿಗೆ ಒಂದು ಹೆಸರು ಆರಿಸಿಟ್ಟುಕೊಂಡು, ತೊಟ್ಟಿಲಿಗೆ ಹಾಕುವ ದಿನವೇ ಹೇಳುತ್ತೇನೆಂದು ನನ್ನನ್ನು ಸತಾಯಿಸಿದ್ದಿರಿ. ಆ ದಿನ ಬರಲೇ ಇಲ್ಲ. ಸೋಮವಾರ ನೀವೇ ಅವಳನ್ನು ಮನೆಗೆ ಕರೆದುಕೊಂಡು ಬನ್ನಿ. ಬಾಗಿಲಲ್ಲಿ ನಿಂತಿರುತ್ತೇನೆ, ಯಾರು ಬಂದರು ಎಂದು ಕೇಳುತ್ತೇನೆ. ಅವಳ ಹೆಸರು ಹೇಳಿ.