ಅಕ್ಕೋರಾಗಬೇಕಿದ್ದ ತಂಗಿಗೆ

ಹಾಡಿಕೇರಿ, ಮಂಕಿ ಹತ್ತಿರ
ತಾಲೂಕು ಹೊನ್ನಾವರ
೨೦ ಜೂನ್ ೧೯೬೩

ಪ್ರೀತಿಯ ತಂಗಿ ವನಮಾಲಾ,

ಅಣ್ಣ ನಾಗಪತಿಯ ಆಶೀರ್ವಾದ. ನಿನ್ನ ಸೊಂಟನೋವು ಕಡಿಮೆಯಾಯಿತೇ? ಮಗುವಿಗೆ ಹಲ್ಲು ಬರುವಾಗ ಹೊಟ್ಟೆ ಕೆಡುವುದು ಇದ್ದದ್ದೇ, ಹೆದರಬೇಡ. ಓಮದ ನೀರು ಕೊಡು ಎಂದು ನಿನ್ನ ಅತ್ತಿಗೆ ಮಾದೇವಿ ಮೂರು ಸಲ ಹೇಳಿದಳು, ಮೂರು ಸಲವೂ ನಾನೇ ಮರೆಯುವವನೆಂಬಂತೆ ಹೇಳಿದಳು. ಹರಿಹರ ಭಾವನ ಕಾಲಿನ ಗಾಯ ಒಣಗಿತೋ ಇಲ್ಲವೋ ಬರೆ. ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದರೆ ಮೂವರು ಚೆನ್ನಾಗಿದ್ದಾರೆ, ನಾಲ್ಕನೆಯವನು ನಾನು.

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಜಗಲಿಯ ಮೇಲೆ ಆರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದೀಯಂತೆ. ಪಕ್ಕದ ಮನೆಯ ನವಾಯತರ ಮಕ್ಕಳೂ ಬರುತ್ತಾರೆ, ಅವರು ಕನ್ನಡ ಕಲಿಯುವ ಹೊತ್ತಿಗೆ ನನಗೇ ಅವರ ಮಾತು ಅರ್ಧ ಬಂದಿರುತ್ತದೆ ಎಂದು ಬರೆದಿದ್ದೀ. ಕೂರಲು ಹಲಗೆ ಜೋಡಿಸಿಕೊಟ್ಟದ್ದು ಭಾವನಂತೆ. ಓದಿ ನಗು ಬಂತು, ಸಂತೋಷವೂ ಆಯಿತು. ಆದರೆ ಕೆಳಗೊಂದು ಸಾಲು ಬರೆದಿದ್ದೀಯಲ್ಲ, "ಅಕ್ಕೋರಾಗುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ, ಬಿಡು ಅಣ್ಣ" ಎಂದು. ಆ ಸಾಲು ಓದಿದ ಮೇಲೆ ಉತ್ತರ ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲ ಎದ್ದೆ.

ಹೋದ ವಾರ ಸೋಮವಾರ ಶಾಲೆ ಶುರುವಾಯಿತು. ಈ ವರ್ಷ ನಮ್ಮ ಶಾಲೆಗೆ ಒಬ್ಬಳು ಹೊಸ ಅಕ್ಕೋರನ್ನು ಹಾಕಿದ್ದಾರೆ. ಗಂಗಾ ಎಂದು ಹೆಸರು, ಧಾರೇಶ್ವರದ ಕಡೆಯವಳು, ನೋಡಿದರೆ ಐದನೇ ಇಯತ್ತೆಯ ಹುಡುಗಿಯರಲ್ಲಿ ಸೇರಿಹೋಗುವಂಥವಳು. ಹೊನ್ನಾವರದ ಹೊಳೆಯನ್ನು ದೋಣಿಯಲ್ಲಿ ದಾಟಿ ಒಬ್ಬಳೇ ಬಂದು, ಇಲ್ಲಿ ಹನುಮಕ್ಕನ ಮನೆಯಲ್ಲಿ ಕೋಣೆ ಹಿಡಿದಿದ್ದಾಳೆ. ಊರೇನೂ ಮುಳುಗಲಿಲ್ಲ. ಮಕ್ಕಳ ಎದುರು ನಿಂತು ನಿನ್ನ ಗುರುತು ಹೇಳಮ್ಮ ಎಂದೆ. ಅವಳು ಸೆರಗಿನ ತುದಿ ಹಿಡಿದುಕೊಂಡು, "ಮಕ್ಕಳೇ, ನಾನು ನಿಮ್ಮ ಹೊಸ ಅಕ್ಕೋರು. ನನಗೆ ಹಾಡು ಬರುತ್ತದೆ, ಚಿತ್ರ ಬರುತ್ತದೆ. ಮಗ್ಗಿ ಮಾತ್ರ ಹದಿನೇಳರ ತನಕ ಗಟ್ಟಿ, ಮುಂದಿನದನ್ನು ಕೂಡಿಯೇ ಕಲಿಯೋಣ" ಎಂದಳು. ಮಕ್ಕಳೆಲ್ಲ ಹೋ ಎಂದು ನಕ್ಕರು. ಮೂರನೇ ಇಯತ್ತೆಯ ದುರ್ಗಿ ಎದ್ದು ನಿಂತು, "ಅಕ್ಕೋರೆ, ನಿಮಗೆ ಹೊಡೂಕೆ ಬತ್ತದ್ಯಾ?" ಎಂದು ಕೇಳಿದಳು. "ಇಲ್ಲ, ಅದನ್ನು ಕಲಿತಿಲ್ಲ" ಎಂದಳು ಗಂಗಾ. ಅಷ್ಟೇ, ಮಕ್ಕಳು ಅವಳವರಾಗಿಬಿಟ್ಟರು. ನಾನು ಹದಿಮೂರು ವರ್ಷದಲ್ಲಿ ಗಳಿಸದ್ದನ್ನು ಅವಳು ನಿಂತ ಕಾಲಲ್ಲಿ ಗಳಿಸಿದಳು.

ಆದರೆ ಮಾರಾಯ್ತಿ, ನನ್ನ ಕಣ್ಣಿಗೆ ಅವಳು ಕಾಣಲೇ ಇಲ್ಲ, ನೀನೇ ಕಂಡೆ. ಮುಲ್ಕಿ ಪರೀಕ್ಷೆ ಪಾಸಾದ ಬೇಸಿಗೆಯಲ್ಲಿ ಹಿತ್ತಲಲ್ಲಿ ಸುಲಿದ ತೆಂಗಿನಕಾಯಿಗಳನ್ನು ಸಾಲಾಗಿ ಕೂರಿಸಿ ನೀನು ಹಾಜರಿ ಕರೆಯುತ್ತಿದ್ದೆ. ಒಂದೊಂದು ಕಾಯಿಗೂ ಒಂದೊಂದು ಹೆಸರು. ಜುಟ್ಟು ದೊಡ್ಡದಿದ್ದದ್ದು ಜಟ್ಟ, ಉರುಳಿಹೋಗುವ ಕಾಯಿ ಕುಪ್ಪ. "ಮಕ್ಕಳೇ, ನನ್ನ ಹೆಸರು ವನಮಾಲಾ, ನಾನು ನಿಮಗೆ ಹೆದರಿಸ್ಲೆ ಬಂದವಳಲ್ಲ" ಎಂದು ಅವಕ್ಕೆ ಹೇಳುವಾಗ ನಾನು ಬಾವಿಕಟ್ಟೆಯ ಹಿಂದೆ ನಿಂತು ನಗುತ್ತಿದ್ದೆ. ಅವತ್ತು ನಿನ್ನ ದನಿ ಒಂದಿಷ್ಟೂ ನಡುಗಿರಲಿಲ್ಲ.

ಗಂಗಾಳ ನಂತರ ನನ್ನ ಸರದಿ. ಪ್ರತಿ ಜೂನಿನಲ್ಲೂ ಹೇಳುವ ಮಾತು ನನಗೆ ಬಾಯಿಪಾಠ: ನಾನು ನಾಗಪತಿ ಮಾಸ್ತರು, ತಪ್ಪು ಮಾಡಿದರೆ ಮಾಫಿ ಇದೆ, ಸುಳ್ಳು ಹೇಳಿದರೆ ಇಲ್ಲ. ಹೆಸರು ಹೇಳಿದೆ, ತಪ್ಪಿನ ಮಾತು ಹೇಳಿದೆ, ಅಲ್ಲಿಗೇ ನಿಲ್ಲಿಸಿದೆ. ಖಡು ತೆಗೆದುಕೊಂಡು ಕರಿಹಲಗೆಯ ಕಡೆ ತಿರುಗಿದೆ. ಆ ದುರ್ಗಿ ಬಿಡಬೇಕಲ್ಲ! "ಮಾಸ್ತರೆ, ಸುಳ್ಳಿನ ಮಾತು ಬಿಟ್ಟೋಯ್ತು" ಎಂದಳು. ಎರಡು ವರ್ಷ ಕೇಳಿ ಅವಳಿಗೂ ಬಾಯಿಪಾಠವಾಗಿದೆ. "ಹೌದು, ಬಿಟ್ಟುಹೋಯಿತು, ಕೂತ್ಕೋ" ಎಂದೆ. ಇಡೀ ದಿನ ಪಾಠ ಕೈಗೆ ಹತ್ತಲಿಲ್ಲ.

ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ವನಮಾಲಾ, ನಿನ್ನ ಆರ್ಡರು ಬಂದಿತ್ತು.

೧೯೫೯ರ ಜೂನಿನಲ್ಲಿ ಬಂದಿತ್ತು. ಆಗಲೂ ಈಗಿನಂತೆ ಶಾಲೆಯೂ ನನ್ನದೇ, ಊರ ಪೋಸ್ಟೂ ನನ್ನದೇ. ಮಧ್ಯಾಹ್ನ ಸೋಮಯ್ಯ ಟಪಾಲು ಚೀಲ ತಂದು ಮೇಜಿನ ಮೇಲೆ ಹಾಕಿದ, ನಾನು ಮಕ್ಕಳನ್ನು ಮಗ್ಗಿಗೆ ಹಚ್ಚಿ ಠಸ್ಸೆ ಹೊಡೆಯಲು ಕೂತೆ. ಮೂರನೆಯ ಲಕೋಟೆ ನಿನ್ನದು, ಖಾಕಿ ಬಣ್ಣದ್ದು. ಒಡೆದು ಓದಿದೆ: ಅಘನಾಶಿನಿಯ ಶಾಲೆ, ಎಂಟು ದಿನದೊಳಗೆ ಹಾಜರಾಗತಕ್ಕದ್ದು. ಠಸ್ಸೆ ಹೊಡೆದೆ, ತಾರೀಕು ಸರಿಯಾಗಿ ಮೂಡಿತು. ಆಮೇಲೆ ಅದನ್ನು ಹಂಚುವ ಟಪಾಲಿನ ಜೊತೆ ಇಡಲಿಲ್ಲ, ಶಾಲೆಯ ಕಪಾಟಿನಲ್ಲಿ ಹಳೆಯ ಹಾಜರಿ ಪುಸ್ತಕದ ಒಳಗೆ ಇಟ್ಟೆ. ಎರಡು ದಿನಕ್ಕೆ ಮಾತ್ರ ಅಂದುಕೊಂಡಿದ್ದೆ. ಹೆತ್ತ ಆಯಿ ಹಾಸಿಗೆ ಹಿಡಿದಿದ್ದಳು, ಮಾದೇವಿಗೆ ದಿನ ತುಂಬಿತ್ತು, ನೀನು ಹೊರಟರೆ ಮನೆಯ ಗತಿ ಎಂತ ಎಂದು. ಎರಡು ದಿನ ನಾಲ್ಕಾಯಿತು, ನಾಲ್ಕು ಎಂಟಾಯಿತು. ಒಂಬತ್ತನೆಯ ದಿನ ಕೊಟ್ಟರೆ ಇಷ್ಟು ದಿನ ಎಲ್ಲಿತ್ತು ಎಂದು ನೀನು ಕೇಳುತ್ತೀಯಲ್ಲ? ಆ ಹೆದರಿಕೆಗೆ ಮತ್ತೆ ಕೊಡಲೇ ಇಲ್ಲ.

ದಿನಾ ಶಾಲೆಯಿಂದ ಬಂದವನನ್ನು ನೀನು ಅಂಗಳದಲ್ಲೇ ಕೇಳುತ್ತಿದ್ದೆ, "ಅಣ್ಣಾ, ಆರ್ಡರ್ ಬಂತಾ?" ನಾನು ಕಾಲು ತೊಳೆಯುತ್ತ, ಮುಖ ಎತ್ತದೆ, "ಇಲ್ಲೆ ಮಾರಾಯ್ತಿ, ಇವತ್ತೂ ಇಲ್ಲೆ" ಎನ್ನುತ್ತಿದ್ದೆ. ನೀನು ಒಳಗೆ ಹೋಗಿ ನನಗೆ ಚಾ ತರುತ್ತಿದ್ದೆ. ಆ ಚಾ ಕುಡಿದೆನಲ್ಲ, ನನ್ನ ಬಾಯಿಗೆ ಮಣ್ಣು ಬೀಳಲಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಿಂಗಳು ಕಾದು ನೀನು ಕಾರವಾರದ ಸ್ಕೂಲ್ ಬೋರ್ಡಿಗೆ ಒಂದು ಪತ್ರ ಬರೆದೆ, ನನ್ನ ಹೆಸರು ಬಿಟ್ಟುಹೋಗಿದೆಯೇ ದಯವಿಟ್ಟು ನೋಡಿ ಎಂದು. ಟಿಕೇಟು ನೀನೇ ಹಚ್ಚಿ ನನ್ನ ಕೈಗೆ ಕೊಟ್ಟೆ. ಅದೂ ಹೋಗಲಿಲ್ಲ. ಎರಡೂ ಒಂದೇ ಪುಸ್ತಕದಲ್ಲಿ ನಾಲ್ಕು ವರ್ಷ ಮಲಗಿದವು. ಬೋರ್ಡಿನವರು ನೀನು ಹಾಜರಾಗಲಿಲ್ಲವೆಂದು ಬೇರೆಯವರನ್ನು ಹಾಕಿದರು, ಮರುವರ್ಷ ನಾನು ಮುಂದೆ ನಿಂತು ನಿನ್ನನ್ನು ಭಟ್ಕಳಕ್ಕೆ ಮದುವೆ ಮಾಡಿಕೊಟ್ಟೆ. ತಂಗಿಯನ್ನು ದಡ ಸೇರಿಸಿದ ಅಣ್ಣ ಎಂದು ಊರೆಲ್ಲ ಹೊಗಳಿತು, ನಾನೂ ಹೊಗಳಿಸಿಕೊಂಡೆ.

ಆಯಿಯ ಸಲುವಾಗಿ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ನಿಲ್ಲಲಿಲ್ಲ. ಆಯಿ ಹೋಗುವ ಮುಂಚೆ ನನ್ನ ಕೈ ಹಿಡಿದು ಎಂತ ಹೇಳಿದಳು ಗೊತ್ತುಂಟಾ? "ಕೂಸಿಗೆ ನೌಕ್ರಿ ಒಂದು ಸಿಕ್ಕಿದ್ರೆ ಚೊಲೋ ಆಗ್ತಿತ್ತು, ಅಲ್ದನಾ?" ಎಂದಳು. ನಾನು ಹೌದು ಎಂದು ತಲೆಯಾಡಿಸಿದೆ. ಸತ್ಯ ಇಷ್ಟೇ ತಂಗಿ: ಬೆಳಿಗ್ಗೆ ಬಿಸಿನೀರು, ಹೊತ್ತಿಗೆ ಸರಿಯಾಗಿ ಊಟ, ಆಯಿಯ ಸೇವೆ, ಎಲ್ಲ ನಿನ್ನಿಂದ ನಡೆಯುತ್ತಿತ್ತು, ನನಗೆ ಅದು ತಪ್ಪುವುದು ಬೇಡವಾಗಿತ್ತು. ಇನ್ನೂ ಒಳಗೆ ಕೆದಕಿದರೆ ಮತ್ತೊಂದಿದೆ. ಮುಲ್ಕಿಯಲ್ಲಿ ನಾನು ಎರಡು ಸಲ ಢುಮ್ಕಿ ಹೊಡೆದವನು, ನೀನು ಮೊದಲನೇ ಸಲಕ್ಕೇ ತಾಲೂಕಿಗೆ ಎರಡನೆಯವಳು. ಅದು ನನಗೆ ಚುಚ್ಚುತ್ತಿತ್ತು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಭಾವನಿಗೆ ಎಲ್ಲ ಓದಿ ಹೇಳು, ಮುಚ್ಚಬೇಡ. ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ, ಮಗುವಿಗೆ ಮುತ್ತು. ಮಾದೇವಿಗೆ ಮೊನ್ನೆ ಹೇಳಿದೆ. ಅವಳು ಅವತ್ತಿನಿಂದ ನನ್ನ ಹತ್ತಿರ ಮಾತಾಡುವುದು ಓಮದ ನೀರಿನ ವಿಷಯ ಒಂದೇ. ನೀನಾದರೂ ನೂರು ವರ್ಷ ಸುಖವಾಗಿರು, ನನ್ನಂಥವನ ಆಶೀರ್ವಾದಕ್ಕೆ ಇನ್ನೂ ಶಕ್ತಿ ಉಳಿದಿದ್ದರೆ.

ನಿನ್ನ ಅಣ್ಣ,
ನಾಗಪತಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಹೊನ್ನಾವರದ ಬಸ್ಸಿಗೆ ಹೊತ್ತಾಯಿತು, ಈ ಲಕೋಟೆಯನ್ನು ಅಲ್ಲಿಯೇ ರಿಜಿಸ್ಟರ್ ಮಾಡಿಸುತ್ತೇನೆ. ಶನಿವಾರ ಕಾರವಾರಕ್ಕೆ ಹೋಗಿ ಬೋರ್ಡಿನ ಸಾಹೇಬರ ಎದುರು ಎರಡೂ ಕಾಗದ ಇಟ್ಟು, ನನ್ನ ತಪ್ಪೆಂದು ಬರೆದು ಸಹಿ ಮಾಡಿಕೊಟ್ಟೆ. ಪೋಸ್ಟಿನ ಇನ್ಸ್‌ಪೆಕ್ಟರರಿಗೂ ಬರೆದಿದ್ದೇನೆ. ಪೋಸ್ಟು ಹೋಗುವುದು ಖರೆ, ಶಾಲೆಯೂ ಹೋಗಬಹುದು, ಹೋಗಲಿ. ಭಟ್ಕಳದ ಒಂದು ಶಾಲೆಯಲ್ಲಿ ಅಕ್ಕೋರ ಜಾಗ ಖಾಲಿ ಇದೆ, ಹಳೆಯ ಆರ್ಡರು ನೋಡಿ ನಿನ್ನ ಅರ್ಜಿಯನ್ನು ಮೊದಲು ತೆಗೆದುಕೊಳ್ಳುತ್ತೇವೆ ಎಂದಿದ್ದಾರೆ. ಬರುವ ಶ್ರಾವಣಕ್ಕೆ ನಿನಗೆ ಇಪ್ಪತ್ತೈದು ತುಂಬುತ್ತದೆ, ಆಮೇಲೆ ವಯಸ್ಸು ಮೀರಿತು ಎನ್ನುತ್ತಾರೆ. ಅರ್ಜಿ ತುಂಬಿ ಒಳಗೆ ಇಟ್ಟಿದ್ದೇನೆ, ನಿನ್ನ ಸಹಿ ಒಂದೇ ಬಾಕಿ. ಇಪ್ಪತ್ತೆಂಟರೊಳಗೆ ಮುಟ್ಟಬೇಕು. ನನ್ನ ಮೇಲಿನ ಸಿಟ್ಟಿಗೆ ಇದನ್ನು ಹರಿಯಬೇಡ, ಸಹಿ ಮಾಡಿದ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು. ಆಮೇಲೆ ನೀನೇ ಎದ್ದು ಭಟ್ಕಳದ ಪೋಸ್ಟಿಗೆ ಹೋಗು, ನಿನ್ನ ಕೈಯಾರೆ ಹಾಕು, ರಸೀದಿ ಇಸಿದುಕೋ. ಯಾರ ಕೈಯಲ್ಲೂ ಕೊಟ್ಟು ಕಳಿಸಬೇಡ, ಎಷ್ಟೇ ಹತ್ತಿರದವರಾದರೂ.